ಕಲಹಕಾಲದ ಗ್ರಂಥಾಲಯ: ಕೊಪ್ಪಳ ಸೀಮೆಯ ನೆಲೆಯಿಂದ ಒಂದು ವಿಚಾರ

ಸಾರ್ವಜನಿಕ ಗ್ರಂಥಾಲಯವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆಯು ಬಹುಮಟ್ಟಿಗೆ ನೆಮ್ಮದಿಯ ದಿನಗಳ ಚರ್ಚೆಯಾಗಿದೆ. ಪುಸ್ತಕ ಖರೀದಿಯ ನೀತಿ, ಕಟ್ಟಡದ ಕೊರತೆ, ಓದುಗರ ಸಂಖ್ಯೆ, ಸಿಬ್ಬಂದಿಯ ವೇತನ ಇವೆಲ್ಲವೂ ಮುಖ್ಯವಾದ ವಿಷಯಗಳೇ. ಆದರೆ ಊರಿನಲ್ಲಿ ಗಲಭೆ ಎದ್ದು ಅಂಗಡಿಗಳು ಬಾಗಿಲು ಹಾಕಿದಾಗ, ಶಾಲೆಗಳಿಗೆ ರಜೆ ಸಾರಿದಾಗ, ಒಂದು ಕೇರಿಯವರು ಇನ್ನೊಂದು ಕೇರಿಯನ್ನು ಹಾಯ್ದು ಹೋಗಲು ಅಂಜುವಾಗ ಗ್ರಂಥಾಲಯವು ಏನು ಮಾಡಬೇಕು, ಏನನ್ನು ಮಾಡಬಲ್ಲದು ಎಂಬ ಪ್ರಶ್ನೆಯು ಈ ಚರ್ಚೆಯೊಳಗೆ ಬರುವುದು ತೀರ ಅಪರೂಪ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು ರಾಯಚೂರಿನಿಂದ ಬೇರ್ಪಡಿಸಿ 1997ರಲ್ಲಿ ರಚಿಸಲಾದ ಕೊಪ್ಪಳ ಜಿಲ್ಲೆಯು ಈ ಪ್ರಶ್ನೆಯನ್ನು ಕೇಳುವುದಕ್ಕೆ ತಕ್ಕ ನೆಲವಾಗಿದೆ. ಓದುವ ಹಕ್ಕಿಗೂ ರಾಜಕೀಯ ಕಲಹಕ್ಕೂ ಇರುವ ನಂಟನ್ನು ಕನ್ನಡನಾಡಿನ ಇತರ ಭಾಗಗಳಿಗಿಂತ ಹತ್ತಿರದಿಂದ, ಹೆಚ್ಚಿನ ಬೆಲೆ ತೆತ್ತು, ಈ ಸೀಮೆ ಕಂಡಿದೆ.

ಚರ್ಚೆಗೆ ಮೊದಲು ಎರಡು ಮಾತುಗಳ ಅರ್ಥವನ್ನು ಖಚಿತಪಡಿಸಿಕೊಳ್ಳಬೇಕು. ‘ಕಲಹಕಾಲ’ವೆಂದರೆ ಪರರಾಜ್ಯದ ದಂಡು ಏರಿ ಬರುವ ಯುದ್ಧಕಾಲವಲ್ಲ, ಒಂದೇ ಊರಿನ ಜನ ತಮ್ಮೊಳಗೆ ಅಥವಾ ತಮ್ಮನ್ನು ಆಳುವವರೊಡನೆ ಸೆಣಸಾಡುತ್ತ, ದಿನನಿತ್ಯದ ಕೊಡುಕೊಳೆ ನಿಂತುಹೋಗುವ ಕಾಲ. ಯುದ್ಧದಲ್ಲಿ ಶತ್ರು ಹೊರಗಿನವನಾಗಿರುವುದರಿಂದ ಊರು ಒಂದಾಗುತ್ತದೆ. ಕಲಹದಲ್ಲಿ ಊರೇ ಒಡೆಯುವುದರಿಂದ ಎಲ್ಲರೂ ಕಾಲಿಡಬಹುದಾದ ಜಾಗವೇ ಉಳಿಯುವುದಿಲ್ಲ. ಇನ್ನು ‘ಸಾರ್ವಜನಿಕ ಗ್ರಂಥಾಲಯ’ವೆಂದರೆ ಪುಸ್ತಕಗಳು ತುಂಬಿದ ಯಾವುದೇ ಕೋಣೆಯಲ್ಲ. ಕಾಯಿದೆಯಿಂದ ಹುಟ್ಟಿ, ಜನರ ತೆರಿಗೆಯಿಂದ ನಡೆದು, ಒಳಗೆ ಬರಲು ಯಾರ ಅಪ್ಪಣೆಯನ್ನೂ ಬೇಡದ ಸಂಸ್ಥೆಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಈ ಮೂರು ಲಕ್ಷಣಗಳಲ್ಲಿ ಕೊನೆಯದು ಕಲಹಕಾಲದಲ್ಲಿ ನಿರ್ಣಾಯಕವಾಗುತ್ತದೆ; ಆದರೆ ಮೊದಲಿನ ಎರಡು ಇಲ್ಲದೆ ಅದು ನಿಲ್ಲಲಾರದು ಎಂಬುದೇ ಇಲ್ಲಿ ಪ್ರತಿಪಾದಿಸಬೇಕಾಗಿರುವ ಸಂಗತಿ.

ಈ ಸೀಮೆಯಲ್ಲಿ ಪುಸ್ತಕವೂ ಪುಸ್ತಕದ ಗೌರವವೂ ಹೊಸತಲ್ಲ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಒಂದಾದ ಕೊಪಣವು ಇಂದಿನ ಕೊಪ್ಪಳವೆಂದು ವಿದ್ವಾಂಸರು ಒಪ್ಪಿದ್ದಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಲಕ್ಕುಂಡಿಯ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಸಂಗತಿ ಪ್ರಸಿದ್ಧವಾಗಿದೆ, ಜೈನ ಪರಿಭಾಷೆಯಲ್ಲಿ ಇದಕ್ಕೆ ಶಾಸ್ತ್ರದಾನ, ಎಂದರೆ ಗ್ರಂಥವನ್ನು ಬರೆಯಿಸಿ ಕೊಡುವ ದಾನ ಎಂದು ಹೆಸರು. ಕಲಬುರಗಿ ಸೀಮೆಯ ನಾಗಾವಿಯ 1058ರ ಶಾಸನವು ಅಲ್ಲಿನ ಘಟಿಕಾಸ್ಥಾನಕ್ಕೆ, ಅಂದರೆ ಉನ್ನತ ವಿದ್ಯಾಕೇಂದ್ರಕ್ಕೆ, ಬೋಧಕರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ನೇಮಿಸಿದುದನ್ನು ದಾಖಲಿಸುತ್ತದೆ. ಸರಸ್ವತೀ ಭಂಡಾರವೆಂದರೆ ಗ್ರಂಥಾಲಯ, ಭಂಡಾರಿಗನೆಂದರೆ ಗ್ರಂಥಪಾಲಕ. ಹನ್ನೊಂದನೆಯ ಶತಮಾನದಲ್ಲಿಯೇ ಪುಸ್ತಕ ಕಾಯುವವರಿಗೆ ಭೂಮಿಯ ಉತ್ಪನ್ನದಿಂದ ಜೀವಿತ ಕಟ್ಟಿಕೊಟ್ಟ ಈ ವ್ಯವಸ್ಥೆಯು ಹೆಮ್ಮೆಪಡತಕ್ಕದ್ದು. ಆದರೂ ಹೆಮ್ಮೆಯ ಜೊತೆಗೆ ಒಂದು ಮಾತನ್ನು ಹೇಳದಿರಲಾಗದು: ಘಟಿಕಾಸ್ಥಾನದ ಬಾಗಿಲು ವೇದಶಾಸ್ತ್ರಗಳ ಅಧಿಕಾರವಿದ್ದವರಿಗೆ ಮಾತ್ರ ತೆರೆದಿತ್ತು; ಆ ಭಂಡಾರಕ್ಕಾಗಿ ಹೊಲ ಉತ್ತವನ ಮಗನು ಅದರ ಹೊಸ್ತಿಲನ್ನು ದಾಟುವಂತಿರಲಿಲ್ಲ.

ಇಂಥದೇ ಸಂಗತಿಯು ಇನ್ನೊಂದು ರೂಪದಲ್ಲಿ ಜಹಗೀರಿನ ಕಾಲದಲ್ಲಿ ಮರುಕಳಿಸಿತು. ಹೈದರಾಬಾದ್ ಸಂಸ್ಥಾನದೊಳಗಿದ್ದ ಕೊಪ್ಪಳ ಮತ್ತು ಯಲಬುರ್ಗಾ ತಾಲ್ಲೂಕುಗಳು ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಜಹಗೀರು ಎಂದರೆ ಸರಕಾರದ ಖಜಾನೆಗೆ ಹೋಗಬೇಕಾದ ಕಂದಾಯವನ್ನು ತಾನೇ ಎತ್ತಿಕೊಳ್ಳುವ ಹಕ್ಕಿನೊಡನೆ ಒಬ್ಬ ಪ್ರಭುವಿಗೆ ಬಿಟ್ಟುಕೊಟ್ಟ ಪ್ರದೇಶ. ಆ ಮನೆತನದ ಮೂರನೆಯ ಸಾಲಾರ್ ಜಂಗ್, ನವಾಬ ಮೀರ್ ಯೂಸುಫ್ ಅಲಿ ಖಾನ್, ದೇಶದ ಅತಿ ದೊಡ್ಡ ಖಾಸಗಿ ಸಂಗ್ರಹಗಳಲ್ಲೊಂದನ್ನು ಕೂಡಿಹಾಕಿದನು. ಅದರಲ್ಲಿ ಶಿಲ್ಪ, ಚಿತ್ರ, ಗಡಿಯಾರಗಳಷ್ಟೇ ಅಲ್ಲದೆ ಅರಬ್ಬಿ, ಫಾರಸಿ, ಉರ್ದು ಭಾಷೆಗಳ ಸಾವಿರಾರು ಹಸ್ತಪ್ರತಿಗಳೂ ಅಚ್ಚಾದ ಪುಸ್ತಕಗಳೂ ಇದ್ದವು. ಅವನು 1949ರಲ್ಲಿ ತೀರಿಕೊಂಡ ಮೇಲೆ, 1951ರ ಡಿಸೆಂಬರ್‌ನಲ್ಲಿ ಈ ಸಂಗ್ರಹವು ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆಯಿತು. ಹೈದರಾಬಾದಿಗೆ ಹೋದ ಕೊಪ್ಪಳದ ಶಾಲಾಮಕ್ಕಳು ಆ ಸಂಗ್ರಹವನ್ನು ಬೆರಗುಗಣ್ಣಿನಿಂದ ನೋಡಿ ಬರುವಾಗ, ಅದರ ಹಿಂದೆ ತಮ್ಮ ಮುತ್ತಜ್ಜಂದಿರ ಎರೆಹೊಲದ ಜೋಳದ ಪಾಲೂ ಇದೆಯೆಂಬುದನ್ನು ಅವರಿಗೆ ಯಾರಾದರೂ ಹೇಳಬೇಕಾಗಿದೆ. ಕಂದಾಯವು ಒಂದು ದಿಕ್ಕಿಗೆ ಹರಿದು ಗ್ರಂಥಗಳಾಗಿ ಮಾರ್ಪಟ್ಟಿತು. ಗ್ರಂಥಗಳು ಮಾತ್ರ ಜೋಳ ಬೆಳೆದ ಊರಿಗೆ ಮರಳಲಿಲ್ಲ. ಮುಂದೆ ಬಂದ ‘ಗ್ರಂಥಾಲಯ ಕರ’ವೆಂಬ ಏರ್ಪಾಡಿನ ಮಹತ್ವವು ಈ ಹಿನ್ನೆಲೆಯಲ್ಲಿಯೇ ಸರಿಯಾಗಿ ತಿಳಿಯುತ್ತದೆ.

ನಿಜಾಮರ ಆಳ್ವಿಕೆಯಲ್ಲಿ ಆಡಳಿತದ ಮತ್ತು ಉನ್ನತ ಶಿಕ್ಷಣದ ಭಾಷೆ ಉರ್ದುವಾಗಿತ್ತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದು ಮಾಧ್ಯಮವನ್ನು ಅಳವಡಿಸಿಕೊಂಡಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕಲಿಸಿದ ಧೀರ ಪ್ರಯೋಗವೆಂದು ಅದನ್ನು ಮೆಚ್ಚಬೇಕು. ಕನ್ನಡ, ತೆಲುಗು, ಮರಾಠಿ ಮಾತನಾಡುವ ಬಹುಜನರ ಪಾಲಿಗೆ ಅದು ಇನ್ನೊಂದು ಎತ್ತರದ ಗೋಡೆಯಾಯಿತೆಂಬುದನ್ನೂ ಒಪ್ಪಬೇಕು. ತೆಲುಗರು ಈ ಗೋಡೆಯನ್ನು ಗ್ರಂಥಾಲಯದ ಮೂಲಕ ದಾಟಲೆಳಸಿದರು. ಹೈದರಾಬಾದ್ ನಗರದಲ್ಲಿ 1901ರಲ್ಲಿ ಆರಂಭವಾದ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯದಿಂದ ಮೊದಲ್ಗೊಂಡು ತೆಲಂಗಾಣದ ಊರೂರಿನಲ್ಲಿ ವಾಚನಾಲಯಗಳು ತಲೆಯೆತ್ತಿದವು. ಕನ್ನಡ ಭಾಗದಲ್ಲಿ ಇದೇ ಕೆಲಸವನ್ನು ಹೆಚ್ಚಾಗಿ ಶಾಲೆಗಳು ಮಾಡಿದವು: ಕಲಬುರಗಿಯ ನೂತನ ವಿದ್ಯಾಲಯ, ಪಂಡಿತ ತಾರಾನಾಥರು ಕಟ್ಟಿದ ರಾಯಚೂರಿನ ಹಮ್ದರ್ದ್ ಶಾಲೆ, ಅಂದು ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಕುಕನೂರಿನಲ್ಲಿ 1922ರಲ್ಲಿ ಹುಟ್ಟಿದ ವಿದ್ಯಾನಂದ ಗುರುಕುಲ. ಕಲಬುರಗಿಯಲ್ಲಿ 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ, ರಾಯಚೂರಿನಲ್ಲಿ 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಗಳು ಈ ಪ್ರಯತ್ನಕ್ಕೆ ಬಲ ತಂದವು.

ರಾಜಕೀಯ ಸಭೆ ಸೇರಲು ಮುಂಚಿತವಾಗಿ ಅಪ್ಪಣೆ ಪಡೆಯಬೇಕಾಗಿದ್ದ ರಾಜ್ಯದಲ್ಲಿ ಸಾಹಿತ್ಯ ಸಭೆ, ಭಜನೆ, ನಾಡಹಬ್ಬಗಳು ರಾಜಕೀಯದ ಭಾರವನ್ನೂ ಹೊರಬೇಕಾಗುತ್ತದೆ. ‘ಗಸ್ತಿ ನಿಶಾನ್ 53’ ಎಂದು ಜನರ ಬಾಯಲ್ಲಿ ಉಳಿದ ಸುತ್ತೋಲೆಯು 1920ರ ದಶಕದಿಂದ ಹೈದರಾಬಾದ್ ಸಂಸ್ಥಾನದ ಸಾರ್ವಜನಿಕ ಬದುಕಿನ ಮೇಲೆ ಹಾಕಿದ ಕಡಿವಾಣವು ಇಂಥದಾಗಿತ್ತು; ಗಸ್ತಿ ಎಂದರೆ ಸರಕಾರಿ ಸುತ್ತೋಲೆ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟಿದೊಡನೆಯೇ ನಿಷೇಧಕ್ಕೆ ಒಳಗಾಯಿತು. ಇಂಥ ವಾತಾವರಣದಲ್ಲಿ ವಾಚನಾಲಯಕ್ಕೆ ಎರಡು ಬಗೆಯ ದೌರ್ಬಲ್ಯಗಳು ಅಂಟಿಕೊಳ್ಳುತ್ತವೆ. ಒಂದನೆಯದಾಗಿ, ಅದು ಉತ್ಸಾಹಿಗಳ ಚಂದಾಹಣದಿಂದ ನಡೆಯುವುದರಿಂದ ಆ ಉತ್ಸಾಹಿಗಳು ಸೆರೆಮನೆಗೆ ಹೋದ ದಿನವೇ ಅದರ ಬಾಗಿಲು ಮುಚ್ಚುತ್ತದೆ. ಎರಡನೆಯದಾಗಿ, ಅದು ಒಂದು ಭಾಷೆಯ, ಒಂದು ಪಕ್ಷದ, ಒಂದು ಸಮುದಾಯದ ಮನೆಯೆಂದು ಎಣಿಕೆಗೆ ಬರುವುದರಿಂದ ಎದುರುಪಕ್ಷದವನು ಅಲ್ಲಿ ಓದಲು ಬರುವುದಿಲ್ಲ, ಬಂದರೆ ಗುಮಾನಿಗೆ ಒಳಗಾಗುತ್ತಾನೆ. ಇದನ್ನು ಆ ಕಾಲದ ಹಿರಿಯರ ದೋಷವೆಂದು ಎಣಿಸಬಾರದು; ಕಾನೂನಿನ ಆಶ್ರಯವಿಲ್ಲದೆ ಕಟ್ಟಿದ ಯಾವ ಓದುಮನೆಗೂ ಬೇರೆ ದಾರಿ ಇರಲಿಲ್ಲ.

1947ರ ಆಗಸ್ಟ್‌ನಿಂದ 1948ರ ಸೆಪ್ಟೆಂಬರ್‌ವರೆಗಿನ ಹದಿಮೂರು ತಿಂಗಳು ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ನಿಜವಾದ ಅರ್ಥದಲ್ಲಿ ಕಲಹಕಾಲ. ಭಾರತ ಸ್ವತಂತ್ರವಾದರೂ ನಿಜಾಮನು ಒಕ್ಕೂಟಕ್ಕೆ ಸೇರಲಿಲ್ಲ. ಕಾಸಿಂ ರಜ್ವಿಯ ನಾಯಕತ್ವದ ರಜಾಕಾರರು, ಎಂದರೆ ಸ್ವಯಂಸೇವಕರೆಂಬ ಹೆಸರಿನ ಖಾಸಗಿ ಪಡೆಯವರು, ಹಳ್ಳಿಗಳ ಮೇಲೆ ದಾಳಿ ಮಾಡತೊಡಗಿದರು. ಕೊಪ್ಪಳ ಸೀಮೆಯ ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ತುಂಗಭದ್ರೆಯ ಆಚೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ ಇದ್ದುದರಿಂದ ಗಡಿಯ ಹಳ್ಳಿಗಳ ಜನ ಮನೆಮಠ ತೊರೆದು ಆಚೆಗೆ ಸಾಗಿದರು, ಗಡಿಯಾಚೆಯ ಊರುಗಳಲ್ಲಿ ಹೋರಾಟದ ಶಿಬಿರಗಳು ಎದ್ದವು. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿ ಶಿಬಿರವನ್ನೂ ಪುಂಡಲೀಕಪ್ಪ ಜ್ಞಾನಮೋಠೆಯವರು ಗಜೇಂದ್ರಗಡದ ಶಿಬಿರವನ್ನೂ ನಡೆಸಿದರು. ಶಿಬಿರದ ಯುವಕರು ಕರೋಡಗಿರಿ ನಾಕಾಗಳನ್ನು, ಅಂದರೆ ಸುಂಕದ ಕಟ್ಟೆಗಳನ್ನು ಮುರಿದರು, ಹಳ್ಳಿಗಳನ್ನು ನಿಜಾಮರ ಆಡಳಿತದಿಂದ ಬಿಡಿಸಿದರು. ಈ ಹೋರಾಟದ ಕಥನವು ಸಾಹಸಗಳಿಂದ ತುಂಬಿದೆ. ಆದರೆ ಗ್ರಂಥಾಲಯದ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನೋಡುವವರಿಗೆ ಆ ಕಾಲದ ಇನ್ನೊಂದು ಬಗೆಯ ಹಸಿವು ಕಣ್ಣಿಗೆ ಬೀಳುತ್ತದೆ. ಅದು ನಿಜವಾದ ಸುದ್ದಿಯ ಹಸಿವು. ಯಾವ ಊರು ಸುಟ್ಟಿತು, ಯಾರು ಉಳಿದರು, ದಾರಿ ಎಲ್ಲಿಯವರೆಗೆ ಸುರಕ್ಷಿತ, ದಿಲ್ಲಿಯ ಮಾತುಕತೆ ಎಲ್ಲಿಗೆ ಬಂತು ಎಂಬುದನ್ನು ತಿಳಿಯಲು ಒಂದು ನಂಬಬಹುದಾದ ತಾಣವಿಲ್ಲದೆ ಹೋದಾಗ ಗಾಳಿಸುದ್ದಿಯೇ ಊರನ್ನು ಆಳುತ್ತದೆ.

ಸುದ್ದಿಯ ಮಾತು ಬಂದಾಗ ಶೋಯೆಬುಲ್ಲಾ ಖಾನ್ ಅವರನ್ನು ನೆನೆಯಲೇಬೇಕು. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ತರುಣ ಸಂಪಾದಕರಾಗಿದ್ದ ಅವರು ಹೈದರಾಬಾದ್ ಭಾರತದೊಡನೆ ಸೇರಬೇಕೆಂದು ಬರೆದುದಕ್ಕಾಗಿ 1948ರ ಆಗಸ್ಟ್‌ನಲ್ಲಿ ಕೊಲೆಯಾದರು. ಅಂದಿನ ಕಲಹವನ್ನು ಎರಡು ಧರ್ಮಗಳ ಜಗಳವೆಂದು ಸರಳಗೊಳಿಸುವ ಎಲ್ಲ ಬರಹಗಳಿಗೂ ಆ ಒಂದು ಸಾವೇ ಉತ್ತರವಾಗಿದೆ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನದೊಳಗೆ ಹೆಜ್ಜೆಯಿಟ್ಟು, 17ರಂದು ನಿಜಾಮನು ಸೋಲೊಪ್ಪಿದ ಬಳಿಕ, ನೊಂದವರ ಪಾಳಿ ಬದಲಾಯಿತು. ಪಂಡಿತ ಸುಂದರಲಾಲರ ನೇತೃತ್ವದಲ್ಲಿ ಭಾರತ ಸರಕಾರವು ಕಳುಹಿಸಿದ ತಂಡವು ಉಸ್ಮಾನಾಬಾದ್, ಕಲಬುರಗಿ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ಅತಿ ಹೆಚ್ಚಿನ ಹಿಂಸೆ ನಡೆಯಿತೆಂದು ವರದಿ ಮಾಡಿತು, ಆ ವರದಿ ದಶಕಗಳ ಕಾಲ ಜನರ ಕೈಗೆ ಬರಲಿಲ್ಲ. ಕಲಹಕಾಲದ ಗ್ರಂಥಾಲಯಕ್ಕೆ ಎರಡು ಪಾಳಿಗಳ ನೊಂದವರೂ ಓದುಗರೇ ಆಗಿರುತ್ತಾರೆ. ರಜಾಕಾರರ ದಾಳಿಗೆ ಮನೆ ಕಳೆದುಕೊಂಡವನ ಮೊಮ್ಮಗನೂ, ಸೆಪ್ಟೆಂಬರ್ ಕಳೆದ ಮೇಲೆ ತಂದೆಯನ್ನು ಕಳೆದುಕೊಂಡವಳ ಮೊಮ್ಮಗಳೂ ತಮ್ಮ ಮನೆಯ ಕತೆಯನ್ನು ಒಂದೇ ಕಪಾಟಿನಲ್ಲಿ ಹುಡುಕಿಕೊಳ್ಳುವಂತಾಗಬೇಕು. ಕಲ್ಯಾಣ ಕರ್ನಾಟಕದ ವಿಮೋಚನೆಯ ಇತಿಹಾಸವನ್ನು ಹೇಳುವ ಪುಸ್ತಕಗಳ ಪಕ್ಕದಲ್ಲಿ ಈ ಎರಡನೆಯ ನೋವನ್ನು ಹೇಳುವ ಪುಸ್ತಕಗಳಿಗೂ ಜಾಗವಿಲ್ಲದಿದ್ದರೆ ಆ ಕಪಾಟು ಸಾರ್ವಜನಿಕವೆನಿಸಿಕೊಳ್ಳಲಾರದು.

ಕಾಯಿದೆಯ ಆಶ್ರಯ ಬಂದದ್ದು ತರುವಾಯ. ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ತಮ್ಮ ಐದು ಸೂತ್ರಗಳನ್ನು ಪ್ರಕಟಿಸಿ, ಪುಸ್ತಕವಿರುವುದು ಬಳಕೆಗಾಗಿ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು ಎಂಬ ತತ್ತ್ವವನ್ನು ನೆಲೆಗೊಳಿಸಿದರು. ಅವರ ಒತ್ತಾಸೆಯಿಂದ 1948ರಲ್ಲಿ ಮದರಾಸು ಪ್ರಾಂತದಲ್ಲಿ ಭಾರತದ ಮೊದಲ ಪೂರ್ಣ ಪ್ರಮಾಣದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಹೈದರಾಬಾದ್ ರಾಜ್ಯವು 1955ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿತು. ಮರುವರ್ಷವೇ ರಾಜ್ಯಗಳ ಮರುವಿಂಗಡಣೆಯಾಗಿ ಕೊಪ್ಪಳ ಸೀಮೆ ಮೈಸೂರು ರಾಜ್ಯಕ್ಕೆ ಬಂದುದರಿಂದ ಆ ಕಾಯಿದೆಯ ಫಲ ಇಲ್ಲಿ ಬೇರೂರಲು ಸಮಯ ಸಿಗಲಿಲ್ಲ. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆಯನ್ನು ತಂದಿತು ಮತ್ತು ಸ್ಥಳೀಯ ಸಂಸ್ಥೆಗಳು ಸಂಗ್ರಹಿಸುವ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ವಿಧಿಸಿತು. ಈಗ ಅದು ರೂಪಾಯಿಗೆ ಆರು ಪೈಸೆ. ಜಹಗೀರಿನ ಕಾಲದಲ್ಲಿ ಊರ ಹಣ ಹೊರಗೆ ಹೋಗಿ ಪುಸ್ತಕವಾಯಿತೆಂದರೆ, ಈ ಕಾಯಿದೆಯಲ್ಲಿ ಊರ ಹಣ ಊರಿನ ಪುಸ್ತಕವೇ ಆಗಬೇಕೆಂಬ ನಿಯಮವಾಯಿತು. ಸಂಗ್ರಹವಾದ ಕರವನ್ನು ಗ್ರಂಥಾಲಯದ ಖಾತೆಗೆ ಸಕಾಲದಲ್ಲಿ ದಾಟಿಸುವುದಿಲ್ಲವೆಂಬ ದೂರು ರಾಜ್ಯದುದ್ದಕ್ಕೂ ಹಳೆಯದು. ಅದನ್ನು ಲೆಕ್ಕಪತ್ರದ ತಕರಾರೆಂದು ತಳ್ಳಿಹಾಕುವುದು ತಪ್ಪು. ಕಲಹದ ದಿನ ಬಾಗಿಲು ತೆರೆಯುವ ಶಕ್ತಿಯು ಅದಕ್ಕೆ ಮೊದಲಿನ ಹತ್ತು ವರ್ಷಗಳ ನೆಮ್ಮದಿಯಲ್ಲಿ ಆ ಆರು ಪೈಸೆಯಿಂದಲೇ ಕೂಡಿಕೊಳ್ಳುತ್ತದೆ.

ಈ ಮಾತಿಗೆ ಪ್ರಪಂಚದ ಬೇರೆಡೆಯ ಅನುಭವವು ಆಧಾರವಾಗುತ್ತದೆ. ಅಮೆರಿಕದ ಮಿಸೌರಿ ರಾಜ್ಯದ ಫರ್ಗೂಸನ್ ಎಂಬ ಸಣ್ಣ ಪಟ್ಟಣದ ಜನಸಂಖ್ಯೆ 2010ರಲ್ಲಿ ಸುಮಾರು 21,000 ಇತ್ತು. ನಮ್ಮ ದೊಡ್ಡ ಹೋಬಳಿಯೊಂದಕ್ಕಿಂತ ಹೆಚ್ಚೇನಲ್ಲ. 2014ರ ಆಗಸ್ಟ್ 9ರಂದು ಮೈಕೆಲ್ ಬ್ರೌನ್ ಎಂಬ ಕಪ್ಪು ಜನಾಂಗದ ತರುಣನು ಪೊಲೀಸರ ಗುಂಡಿಗೆ ಬಲಿಯಾದಾಗ ಅಲ್ಲಿ ಪ್ರತಿಭಟನೆ, ಬೆಂಕಿ, ಅಶ್ರುವಾಯು ದಿನನಿತ್ಯದ ಮಾತಾದವು. ಶಾಲೆಗಳ ಆರಂಭವು ಮುಂದಕ್ಕೆ ಹೋಯಿತು. ಆ ಪಟ್ಟಣದ ಪುರಸಭಾ ಗ್ರಂಥಾಲಯದಲ್ಲಿ ಪೂರ್ಣಕಾಲಿಕ ಗ್ರಂಥಪಾಲಕರೆಂದರೆ ಕೆಲವೇ ವಾರಗಳ ಹಿಂದೆ ನಿರ್ದೇಶಕರಾಗಿ ಬಂದಿದ್ದ ಸ್ಕಾಟ್ ಬಾನರ್ ಒಬ್ಬರೇ. ಶಿಕ್ಷಕರು ಮಕ್ಕಳನ್ನು ಗ್ರಂಥಾಲಯಕ್ಕೆ ಕರೆತಂದರು, ಮೇಜುಗಳ ಸುತ್ತ ಪಾಠ ನಡೆಯಿತು. ನವೆಂಬರ್‌ನಲ್ಲಿ ಪೊಲೀಸ್ ಅಧಿಕಾರಿಯ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂಬ ತೀರ್ಮಾನ ಹೊರಬಿದ್ದ ರಾತ್ರಿ ಊರು ಮತ್ತೆ ಉರಿಯಿತು; ಮರುದಿನ ಶಾಲೆಗಳು ಮುಚ್ಚಿದ್ದರೂ ಗ್ರಂಥಾಲಯ ಎಂದಿನಂತೆ ತೆರೆಯಿತು. ಬೆಂಕಿಗೆ ಅಂಗಡಿ ಕಳೆದುಕೊಂಡವರಿಗೆ ಸಾಲ ಕೊಡುವ ಸರಕಾರಿ ಕಚೇರಿಯವರು ಅಲ್ಲಿಯೇ ಮೇಜು ಹಾಕಿ ಅರ್ಜಿ ಪಡೆದರು, ಹೆದರಿದ ಮಕ್ಕಳಿಗೆ ಪುಸ್ತಕಗಳೂ ಒಂದು ಗೊಂಬೆಯೂ ಇದ್ದ ಚೀಲವನ್ನು ಎರವಲು ಕೊಟ್ಟು ಕಳುಹಿಸಲಾಯಿತು. ಹೊರಗಿನ ಜನ 3 ಲಕ್ಷ ಡಾಲರುಗಳಿಗಿಂತ ಹೆಚ್ಚು ದೇಣಿಗೆ ಕಳುಹಿಸಿದರು, 2015ರಲ್ಲಿ ಅದಕ್ಕೆ ಆ ದೇಶದ ವರ್ಷದ ಗ್ರಂಥಾಲಯವೆಂಬ ಗೌರವ ಬಂತು. ಅದೇ ವರ್ಷದ ಏಪ್ರಿಲ್ 27ರಂದು ಬಾಲ್ಟಿಮೋರಿನಲ್ಲಿ ಗಲಭೆಯಾದಾಗ ಗಲಭೆಯ ನಟ್ಟನಡುವೆ ಇದ್ದ ಪೆನ್ಸಿಲ್ವೇನಿಯಾ ಅವೆನ್ಯೂ ಶಾಖಾ ಗ್ರಂಥಾಲಯವೂ ಮರುದಿನ ಬೆಳಿಗ್ಗೆ ಬಾಗಿಲು ತೆರೆಯಿತು.

ಈ ಎರಡು ಉದಾಹರಣೆಗಳಲ್ಲಿ ಗಮನಿಸತಕ್ಕದ್ದೇನೆಂದರೆ, ಗ್ರಂಥಾಲಯಗಳು ಸಂಧಾನಕಾರರ ಪಾತ್ರ ವಹಿಸಲಿಲ್ಲ, ಶಾಂತಿಯನ್ನು ಕುರಿತು ಉಪದೇಶ ಮಾಡಲೂ ಇಲ್ಲ. ನಿನ್ನೆ ಯಾವ ಹೊತ್ತಿಗೆ ತೆರೆದಿದ್ದವೋ ಅದೇ ಹೊತ್ತಿಗೆ ಇಂದೂ ತೆರೆದವು. ಎಲ್ಲವೂ ತಲೆಕೆಳಗಾದ ಊರಿನಲ್ಲಿ ಒಂದು ಬಾಗಿಲಾದರೂ ತನ್ನ ವೇಳೆಗೆ ತೆರೆಯಿತೆಂಬುದೇ ಜನರಿಗೆ ದೊರೆತ ದೊಡ್ಡ ಆಸರೆ. 2011ರ ಜನವರಿಯ ದಂಗೆಯ ದಿನಗಳಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ತರುಣರು ಕೈಕೈ ಹಿಡಿದು ತಮ್ಮ ಗ್ರಂಥಾಲಯದ ಸುತ್ತ ನಿಂತು ಅದನ್ನು ಕಾಯ್ದರು. ಇದಕ್ಕೆ ತದ್ವಿರುದ್ಧವಾದ ನೋವಿನ ಅಧ್ಯಾಯವೂ ಇದೆ: 1981ರ ಮೇ 31ರ ರಾತ್ರಿ ಶ್ರೀಲಂಕೆಯ ಜಾಫ್ನಾ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಸುಮಾರು 97,000 ಗ್ರಂಥಗಳೂ ತಾಳೆಗರಿಗಳೂ ಬೂದಿಯಾದವು. ಒಂದು ಜನಾಂಗದ ನೆನಪಿನ ಮನೆಯೆಂದು ಗುರುತಾದ ಗ್ರಂಥಾಲಯವು ಕಲಹದಲ್ಲಿ ಗುರಿಯೂ ಆಗುತ್ತದೆ. ಕರ್ನಾಟಕದಲ್ಲಿಯೇ, 2021ರ ಏಪ್ರಿಲ್‌ನಲ್ಲಿ, ಮೈಸೂರಿನ ರಾಜೀವನಗರದಲ್ಲಿ ಮುಸ್ಲಿಂ ಕೂಲಿ ಕಾರ್ಮಿಕರೊಬ್ಬರು ಕಟ್ಟಿ ನಡೆಸುತ್ತಿದ್ದ, ಹೆಚ್ಚಾಗಿ ಕನ್ನಡದ ಸುಮಾರು 11,000 ಪುಸ್ತಕಗಳಿದ್ದ ಓದುಮನೆ ಬೆಂಕಿಗೆ ಆಹುತಿಯಾದಾಗ ನಾಡಿನ ಮೂಲೆಮೂಲೆಯಿಂದ ಪುಸ್ತಕ ಮತ್ತು ಹಣ ಹರಿದುಬಂದಿತು. ಆ ಔದಾರ್ಯ ದೊಡ್ಡದು. ಆದರೆ ಒಬ್ಬ ಕೂಲಿಕಾರನು ತನ್ನ ದಿನಗೂಲಿಯಿಂದ ತುಂಬಬೇಕಾಗಿ ಬಂದ ಕೊರತೆಯು ಕಾಯಿದೆ ಬಂದು ಅರ್ಧ ಶತಮಾನ ಕಳೆದರೂ ಹಾಗೆಯೇ ಉಳಿದಿತ್ತೆಂಬುದು ಆ ಬೆಂಕಿಯ ಬೆಳಕಿನಲ್ಲಿ ಕಂಡಿತು.

ಕೊಪ್ಪಳ ಜಿಲ್ಲೆಯ ಇಂದಿನ ಸ್ಥಿತಿಗೆ ಬಂದರೆ, 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ನೂರಕ್ಕೆ 68ರಷ್ಟಿತ್ತು. ಜಿಲ್ಲಾ ಕೇಂದ್ರದ ಗ್ರಂಥಾಲಯದ ಜೊತೆಗೆ ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ; ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಇಂಥ ಗ್ರಂಥಾಲಯಗಳನ್ನು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಲಾಯಿತು, ಈಗ ಅವು ಅರಿವು ಕೇಂದ್ರಗಳೆಂಬ ಹೆಸರು ಪಡೆದಿವೆ. ಕೊರೋನಾದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದ ಮೂಲಕ ಇವು ಮಕ್ಕಳನ್ನು ಒಳಗೆ ಕರೆದವು. ಕೊರೋನಾ ಕಲಹವಲ್ಲ, ಆದರೂ ಶಾಲೆ ಮುಚ್ಚಿದಾಗ ಗ್ರಂಥಾಲಯ ಮಕ್ಕಳನ್ನು ಕಾಯಬಲ್ಲದೆಂಬುದು ನಮ್ಮ ಹಳ್ಳಿಗಳಲ್ಲಿಯೇ ಸಾಬೀತಾಯಿತು. ಫರ್ಗೂಸನ್ನಿನ ಪಾಠವನ್ನು ಕಲಿಯಲು ಕೊಪ್ಪಳದವರು ಅಷ್ಟು ದೂರ ಹೋಗಬೇಕಾಗಿಲ್ಲ.

ಈ ಸೀಮೆಯ ಕಲಹವು ಈಗ ಹೆಚ್ಚಾಗಿ ಊರೊಳಗಿನ ಗೋಡೆಗಳಿಂದ ಹುಟ್ಟುತ್ತದೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಹೋಟೆಲು ಮತ್ತು ಕ್ಷೌರದಂಗಡಿಗಳಿಗೆ ದಲಿತರ ಪ್ರವೇಶವನ್ನು ತಡೆಯುತ್ತಿದ್ದ ಹಿನ್ನೆಲೆಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಕೇರಿಯ ಮೇಲೆ ದಾಳಿ ನಡೆದು ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷಗಳ ತರುವಾಯ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಸೆಷನ್ಸ್ ನ್ಯಾಯಾಲಯವು 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು, ತೀರ್ಪಿನ ಮೇಲೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಕೆಯಾಯಿತು. ಹಳ್ಳಿಯೊಂದರಲ್ಲಿ ಜನ ಕೂಡುವ ಜಾಗಗಳನ್ನು ಎಣಿಸಿ ನೋಡಿದರೆ ಇಂಥ ಘಟನೆಗಳ ಬೇರು ಸಿಗುತ್ತದೆ. ಗುಡಿಯ ಕಟ್ಟೆ, ಮಸೀದಿಯ ಅಂಗಳ, ಮಠ, ಚಹಾದಂಗಡಿ, ಅರಳಿಕಟ್ಟೆ ಇವುಗಳಲ್ಲಿ ಪ್ರತಿಯೊಂದಕ್ಕೂ ಒಳಗಿನವರು ಮತ್ತು ಹೊರಗಿನವರು ಇದ್ದಾರೆ. ಗ್ರಂಥಾಲಯದ ಕೋಣೆ ಒಂದೇ ಹುಟ್ಟಿನಿಂದಲೇ ಎಲ್ಲರದು; ಅಲ್ಲಿನ ಕುರ್ಚಿಯ ಮೇಲೆ ದಲಿತ ಕೇರಿಯ ಹುಡುಗಿ ಕೂರುವುದು ಯಾರ ಸೌಜನ್ಯವೂ ಅಲ್ಲ, ಅವಳ ಹಕ್ಕು. ಕುರ್ಚಿ ಅವಳಿಗಾಗಿ ಖಾಲಿ ಇದೆಯೇ, ಅವಳ ಹೆಸರು ಸದಸ್ಯರ ಪಟ್ಟಿಯಲ್ಲಿದೆಯೇ ಎಂಬುದನ್ನು ನೆಮ್ಮದಿಯ ದಿನಗಳಲ್ಲಿಯೇ ನೋಡಿಕೊಳ್ಳಬೇಕು. ಕಟ್ಟಡವು ಯಾವ ಕೇರಿಯಲ್ಲಿ ನಿಲ್ಲುತ್ತದೆ, ಅಲ್ಲಿಗೆ ಹೋಗುವ ದಾರಿ ಯಾರ ಮನೆಯ ಮುಂದೆ ಹಾಯುತ್ತದೆ ಎಂಬುದು ಎಂಜಿನಿಯರರ ನಕ್ಷೆಗೆ ಕಾಣದ, ಆದರೆ ಊರಿನ ಎಲ್ಲರಿಗೂ ಗೊತ್ತಿರುವ ಸಂಗತಿ.

ಸುದ್ದಿಯ ಪ್ರಶ್ನೆಗೆ ಇಲ್ಲಿ ಮರಳಬೇಕು. 1948ರ ಗಾಳಿಸುದ್ದಿಯು ಈಗ ಕೈಯೊಳಗಿನ ಫೋನಿನಲ್ಲಿ ಸೆಕೆಂಡುಗಳಲ್ಲಿ ಹರಡುತ್ತದೆ, ಅದನ್ನು ತಡೆಯಲು ಆಡಳಿತವು ಅಂತರ್ಜಾಲವನ್ನೇ ನಿಲ್ಲಿಸುತ್ತದೆ. ಅನಿರ್ದಿಷ್ಟ ಕಾಲ ಹಾಗೆ ನಿಲ್ಲಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದ್ದರೂ, ಕೆಲವು ದಿನಗಳ ಕತ್ತಲೆಯು ಎಲ್ಲಿ ಬೇಕಾದರೂ ಬರಬಹುದು. ಆಗ ಡಿಜಿಟಲ್ ಗ್ರಂಥಾಲಯದ ಪರದೆಗಳು ಸುಮ್ಮನಾಗುತ್ತವೆ. ಮೇಜಿನ ಮೇಲಿನ ಕಾಗದದ ಪತ್ರಿಕೆ ಮಾತ್ರ ಮಾತನಾಡುತ್ತದೆ. ಬೇರೆ ಬೇರೆ ನಿಲುವಿನ ಪತ್ರಿಕೆಗಳು ಒಂದೇ ಮೇಜಿನ ಮೇಲಿದ್ದು, ಅವುಗಳ ಹಿಂದಿನ ವಾರಗಳ ಸಂಚಿಕೆಗಳು ಕಡತದಲ್ಲಿ ದೊರೆಯುವಂತಿದ್ದರೆ ಓದುಗನು ಒಂದು ಸುದ್ದಿಯನ್ನು ಇನ್ನೊಂದರೊಡನೆ ತಾಳೆ ನೋಡಬಲ್ಲನು. ಪತ್ರಿಕೆಯ ಚಂದಾ ಹಣವನ್ನು ಉಳಿತಾಯದ ಹೆಸರಿನಲ್ಲಿ ಕಡಿತಗೊಳಿಸುವ ಆಡಳಿತವು ಕಲಹದ ದಿನಕ್ಕೆ ಬೇಕಾದ ಔಷಧಿಯನ್ನೇ ಕಡಿತಗೊಳಿಸುತ್ತಿರುತ್ತದೆ. ಗ್ರಂಥಾಲಯದ ನಿಷ್ಪಕ್ಷಪಾತವೆಂದರೆ ಇಷ್ಟೇ: ಅನ್ಯಾಯ ಮತ್ತು ನ್ಯಾಯಗಳ ನಡುವೆ ಸುಮ್ಮನಿರುವುದಲ್ಲ, ಓದುಗರ ನಡುವೆ ಭೇದ ಮಾಡದಿರುವುದು.

ಇನ್ನು ನಿಷೇಧಾಜ್ಞೆಯ ಪ್ರಶ್ನೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮು ಎಂದು ಹೆಸರಾಗಿದ್ದ, 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಾಗಿರುವ ಅಧಿಕಾರವನ್ನು ಬಳಸಿ ಗುಂಪು ಸೇರುವುದನ್ನು ತಡೆಯಲಾಗುತ್ತದೆ. ಆಗ ಆಸ್ಪತ್ರೆ, ಔಷಧಿ ಅಂಗಡಿ, ಹಾಲಿನ ಅಂಗಡಿಗಳಿಗೆ ವಿನಾಯಿತಿ ಕೊಡುವುದು ವಾಡಿಕೆ. ಮೌನವಾಗಿ ಕುಳಿತು ಓದುವ ಹತ್ತು ಜನರನ್ನು ಗುಂಪೆಂದು ಎಣಿಸಬೇಕೇ ಎಂಬುದನ್ನು ಜಿಲ್ಲಾಡಳಿತಗಳು ಮೊದಲೇ ಯೋಚಿಸಿ, ಗ್ರಂಥಾಲಯಕ್ಕೂ ಹಗಲಿನ ಕೆಲವು ಗಂಟೆಗಳ ವಿನಾಯಿತಿಯನ್ನು ಆಜ್ಞೆಯ ಮಾದರಿಯಲ್ಲಿಯೇ ಬರೆದಿಟ್ಟುಕೊಳ್ಳುವುದು ಅಸಾಧ್ಯವಾದ ಕೆಲಸವಲ್ಲ. ಅದಕ್ಕೆ ತಕ್ಕಂತೆ ಗ್ರಂಥಾಲಯದ ಮೇಲ್ವಿಚಾರಕರ ಸುರಕ್ಷತೆಯ ಹೊಣೆಯನ್ನೂ ಆಡಳಿತ ಹೊರಬೇಕು. ಬಹುಕಾಲ ಅಲ್ಪ ಗೌರವಧನಕ್ಕೆ ದುಡಿದ, ಅದೇ ಊರಿನಲ್ಲಿ ಬಾಳುವ, ಎರಡೂ ಕೇರಿಗಳಿಗೆ ಮುಖ ತೋರಿಸಬೇಕಾದ ಆ ವ್ಯಕ್ತಿಯಿಂದ ವೀರಾವೇಶವನ್ನು ನಿರೀಕ್ಷಿಸುವ ಹಕ್ಕು ಯಾರಿಗೂ ಇಲ್ಲ. ಫರ್ಗೂಸನ್ನಿನಲ್ಲಿ ಬಾಗಿಲು ತೆರೆದವರಿಗೆ ತಿಂಗಳ ಸಂಬಳವೂ ಸಂಸ್ಥೆಯ ಬೆಂಬಲವೂ ಇದ್ದವು.

ಕೊನೆಯದಾಗಿ ಚಿಕ್ಕದೆನಿಸುವ ಒಂದು ಸಂಗತಿ, ಬೀಗದ ಕೈಯದು. ಬೀಗದ ಕೈ ಮೇಲ್ವಿಚಾರಕರೊಬ್ಬರ ಹತ್ತಿರವೇ ಇದ್ದರೆ, ಅವರು ಊರಲ್ಲಿಲ್ಲದ ದಿನ ಅಥವಾ ಮನೆಯಿಂದ ಹೊರಬರಲಾಗದ ದಿನ ಬಾಗಿಲು ತೆರೆಯುವುದಿಲ್ಲ; ಎರಡನೆಯ ಕೈಯನ್ನು ಊರಿನ ಪ್ರಬಲರೊಬ್ಬರ ಮನೆಯಲ್ಲಿಟ್ಟರೆ ಬಾಗಿಲು ಅವರದಾಗುತ್ತದೆ. ಎರಡನೆಯ ಕೈಯನ್ನು ಊರಿನ ಶಾಲೆಯ ಶಿಕ್ಷಕಿಯ ಬಳಿಯೋ ಅಂಗನವಾಡಿ ಕಾರ್ಯಕರ್ತೆಯ ಬಳಿಯೋ ಇರಿಸಿ, ಯಾರ ಬಳಿ ಇದೆಯೆಂಬುದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ಠರಾವಿನ ಪುಸ್ತಕದಲ್ಲಿ ಬರೆದಿಡುವುದಕ್ಕೆ ಹೊಸ ಕಾಯಿದೆಯೂ ಬೇಡ, ಹೊಸ ಅನುದಾನವೂ ಬೇಡ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಯಾವ ಪಂಚಾಯಿತಿಯಾದರೂ ತನ್ನ ಮುಂದಿನ ಸಭೆಯಲ್ಲಿಯೇ ಅದನ್ನು ಮಾಡಬಹುದು.